ಗುಂಯ್ ಸದ್ದನ್ನು ನಿಲ್ಲಿಸಿದ ಕೈ

ಗೆಳೆಯರೇ, ಇವತ್ತು ರಾಜಾಜಿನಗರದ ಪುಟ್ಟ ಸ್ಟುಡಿಯೋದಲ್ಲಿ ಊದುಬತ್ತಿ ಹೊಸೆಯುವ ನಮ್ಮ ಹೆಂಗಸರ ಹಾಡುಗಳ ರೆಕಾರ್ಡಿಂಗ್ ಇತ್ತು. ಕೂಲಿ ಹೆಚ್ಚಳಕ್ಕಾಗಿ ನಾಳೆ ನಡೆಸುವ ಮೆರವಣಿಗೆಗೆ ಆ ಕ್ಯಾಸೆಟ್ ಬೇಕೇ ಬೇಕು. ಆದರೆ ಎಷ್ಟು ಸಲ ಹಾಡಿದರೂ ಹಿಂದೆ ಗುಂಯ್ ಎಂಬ ಸದ್ದು. ರೆಕಾರ್ಡಿಸ್ಟ್ ನಂಜುಂಡಣ್ಣ ಫ್ಯಾನು, ಟ್ಯೂಬ್‌ಲೈಟು ಎಲ್ಲ ಆರಿಸಿದರು. ಸದ್ದು ಹೋಗಲಿಲ್ಲ.

"ಆ ದೇವರ ಫೋಟೋದ ದೀಪ ಆರಿಸಿ ಅಣ್ಣಾ, ಎಲ್ಲ ಗದ್ದಲಕ್ಕೂ ಮೌಢ್ಯವೇ ಮೂಲ!" ಎಂದು ನಾನು ಭಾಷಣ ಬಿಗಿದೆ. ಪಾಪ, ಅದನ್ನೂ ಆರಿಸಿದರು. ಸದ್ದು ಹಾಗೇ ಇತ್ತು. ಭಾಷಣದ ಆವೇಶದಲ್ಲಿ ಆಂಪ್ಲಿಫೈಯರಿನ ಕಬ್ಬಿಣದ ಪೆಟ್ಟಿಗೆಯ ಮೇಲೆ ಕೈಯೂರಿದೆ.

ಸದ್ದು ನಿಂತಿತು!

"ಪೆಟ್ಟಿಗೆಯ ಅರ್ತಿಂಗ್ ವೈರ್ ಕಿತ್ತೋಗಿದೆ, ಅದಕ್ಕೇ ಈ ಗುಂಯ್. ಈಗ ನಿನ್ನ ಮೈಯೇ ಅರ್ತಿಂಗ್. ಕೈ ತೆಗೀಬೇಡ, ಬಾಯಿ ಬಿಡಬೇಡ ಕಣೋ," ಎಂದರು ನಂಜುಂಡಣ್ಣ.

ಹಾಡುವವರ ಸಾಲಿನಿಂದ ರತ್ನಕ್ಕ ಕೂಗಿದರು: "ಹಾಡು ಮುಗಿಯೋವರ್ಗೂ ಇವನು ಮಾತಾಡಲ್ವಾ? ಹಂಗಾದ್ರೆ ಇನ್ನೂ ನಾಲ್ಕು ಹಾಡು ಹಾಡ್ತೀವಿ!"

ಹಾಡಿಯೇಬಿಟ್ಟರು. ಹೋರಾಟಕ್ಕೆ ನಾನು ಇದುವರೆಗೆ ಮಾಡಿದ ಅತಿ ದೊಡ್ಡ ಸೇವೆ, ಬಾಯಿ ಮುಚ್ಚಿಕೊಂಡು ನಿಂತದ್ದು.