ಪ್ರತಿ ಹೆರಿಗೆಯಿಂದಲೂ ಕಲಿತ ವಿರೂಪಾಕ್ಷಮ್ಮನವರು

ಹೆರಿಗೆಯೆಂದರೆ ಹೆಣ್ಣಿಗೆ ಮರುಹುಟ್ಟು ಎಂದು ಹೇಳಿ ಸುಮ್ಮನಾಗುತ್ತಿದ್ದ ಕಾಲದಲ್ಲಿ, ಆ ಮರುಹುಟ್ಟಿನ ಹೊಣೆಯನ್ನು ದೇವರೊಬ್ಬನಿಗೇ ಬಿಡದೆ ತಮ್ಮ ಹೆಗಲ ಮೇಲೂ ಹೊತ್ತುಕೊಂಡವರು ನಮ್ಮ ಕೊಪ್ಪಳ ಸೀಮೆಯ ಹಿರಿಯ ನರ್ಸ್ ಶ್ರೀಮತಿ ವಿರೂಪಾಕ್ಷಮ್ಮನವರು. ಈ ವರ್ಷ, ೧೯೪೯ರಲ್ಲಿ, ಅವರು ಯಲಬುರ್ಗಿಯ ದವಾಖಾನೆಯಿಂದ ನಿವೃತ್ತರಾಗುವಾಗ, ಅವರ ಕೈಕೆಳಗೆ ಕಲಿತು ಜೊತೆಗೇ ದುಡಿದ ನನಗೆ ಈ ನಾಲ್ಕು ಮಾತು ಬರೆಯುವ ಭಾಗ್ಯ ದೊರೆತಿದೆ.

ಅವರ ಸೇವೆ ಮೊದಲಾದದ್ದು ಕುಷ್ಟಗಿಯಲ್ಲಿ. ಅಲ್ಲಿ ಪಕ್ಕೀರವ್ವನೆಂಬ ಚೊಚ್ಚಲ ಬಾಣಂತಿ, ಕೂಸು ಹುಟ್ಟಿದ ಮೇಲೆ ರಕ್ತ ನಿಲ್ಲದೆ, ಇಂಜೆಕ್ಷನ್ನಿನ ಸೂಜಿ ಕುದಿಸಲು ಒಲೆ ಹೊತ್ತಿಸುವಷ್ಟರಲ್ಲಿ ತೀರಿಕೊಂಡಳು. “ಹಣೆಬರಹ ಬಿಡ್ರಿ” ಎಂದು ಮನೆಯವರೇ ಸಮಾಧಾನ ಹೇಳಿದರೂ ವಿರೂಪಾಕ್ಷಮ್ಮನವರ ಮನಸ್ಸು ಒಪ್ಪಲಿಲ್ಲ. ಅಂದಿನಿಂದ ಸೂಜಿಯನ್ನು ಮೊದಲೇ ಕುದಿಸಿ, ಶುದ್ಧ ಬಟ್ಟೆಯಲ್ಲಿ ಸುತ್ತಿ ಡಬ್ಬಿಯಲ್ಲಿಟ್ಟುಕೊಂಡೇ ಹೊರಡತೊಡಗಿದರು. ಮುಚ್ಚಳ ಒದ್ದೆ ಕೈಗೆ ಜಾರುತ್ತದೆಂದು ಕಂಡಾಗ ಅದಕ್ಕೊಂದು ಹಿಡಿಕೆ ಹಾಕಿಸಿದರು. ಮನೆಯಲ್ಲೂ ಅದೇ ರೀತಿ: ಅಡುಗೆಮನೆಯ ಹೊಗೆ ಕಣ್ಣುರಿಸಿದರೆ ಒಲೆಯನ್ನೇ ಕಿತ್ತು ಕಿಟಕಿಯ ಬಳಿ ಹೂಡುವರು. ಹೆರಿಗೆ ಎಷ್ಟೇ ಸುಸೂತ್ರವಾದರೂ ಮರಳುವ ದಾರಿಯಲ್ಲಿ ನನ್ನನ್ನು ಕೇಳುವರು: “ಹುಲಗೆಮ್ಮಾ, ಇವತ್ತು ಯಾವುದು ನೆಟ್ಟಗಾಗ್ಲಿಲ್ಲ ಹೇಳು?” ನಾನು ಒಳಗೊಳಗೇ ಸಿಡುಕಿದ್ದೂ ಉಂಟು.

ಯಲಬುರ್ಗಿಗೆ ಬಂದ ಮೇಲೆ ಊರೂರ ಸೂಲಗಿತ್ತಿಯರನ್ನು ಕರೆಸಿ, ನಾವು ಮುಟ್ಟುವ ತನಕ ಹೊಟ್ಟೆ ಅಮುಕಿ ಹಿಡಿದು ರಕ್ತ ತಡೆಯುವ ಬಗೆಯನ್ನು ಕಲಿಸಿದರು. ಅದರ ಬೆಲೆ ನನಗೆ ತಿಳಿದದ್ದು ೧೯೪೪ರ ಮಳೆಗಾಲದಲ್ಲಿ.

ಯಲಬುರ್ಗಿ ಬಳಿಯ ಮಂಗಳೂರೆಂಬ ಹಳ್ಳಿಯಲ್ಲಿ ಕಸ್ತೂರೆಮ್ಮನೆಂಬಾಕೆಗೆ ಹೆತ್ತ ಮೇಲೆ ರಕ್ತ ಹರಿಯುತ್ತಿದೆಯೆಂದು ಕರೆ ಬಂತು. ದಾರಿಯ ಹಳ್ಳ ತುಂಬಿ, ನಮ್ಮ ಗಾಡಿಯ ಎತ್ತುಗಳು ನೀರಿಗಿಳಿಯಲೊಲ್ಲದೆ ನಿಂತವು. ವಿರೂಪಾಕ್ಷಮ್ಮನವರು ಡಬ್ಬಿಯನ್ನು ತಲೆಯ ಮೇಲಿಟ್ಟುಕೊಂಡು ಎದೆಮಟ್ಟದ ನೀರಿಗೆ ಇಳಿದರು. ನಾನೂ ಹಿಂಬಾಲಿಸಿದೆ.

ಮನೆ ಹೊಕ್ಕಾಗ ಸೂಲಗಿತ್ತಿ ಖಾಜಾಬೀ ಬಾಣಂತಿಯ ಹೊಟ್ಟೆಯನ್ನು ಎರಡೂ ಕೈಯಿಂದ ಅಮುಕಿ ಹಿಡಿದಿದ್ದಳು. ಅತ್ತೆ ಮುದುಕಮ್ಮ ಅವಳ ರಟ್ಟೆ ಹಿಡಿದು ಜಗ್ಗುತ್ತಿದ್ದಳು: “ಬಿಡಬೇ! ಹಡದ ಹೊಟ್ಟಿ ಹಿಚುಕಿ ಕೊಲ್ಲಾಕತ್ತಿ!”

“ಕೈ ತಗದ್ರ ಹರೀತೈತ್ರಿ ನರ್ಸಬಾಯಾರ. ಅದಕ್ಕ ಬಿಟ್ಟಿಲ್ಲ” ಎಂದಳು ಖಾಜಾಬೀ. ಅವಳ ತುಟಿ ಒಣಗಿ ಬಿರಿದಿತ್ತು.

ಕಸ್ತೂರೆಮ್ಮನ ಮುಖ ಸುಣ್ಣದಂತಾಗಿತ್ತು. ನಾಡಿ ನನ್ನ ಬೆರಳಿಗೆ ಸಿಕ್ಕು ಸಿಕ್ಕು ತಪ್ಪುತ್ತಿತ್ತು. ಇಂಜೆಕ್ಷನ್ ಕ್ಷಣದಲ್ಲಿ ಸಿದ್ಧವಾಯಿತು. ವಿರೂಪಾಕ್ಷಮ್ಮನವರು ಕೊಟ್ಟರು. ಕೂಸನ್ನು ಮೊಲೆಗೆ ಹಿಡಿಸಿ, ಖಾಜಾಬೀಯ ಕೈ ಸರಿಸಿ ತಮ್ಮ ಕೈ ಊರಿದರು. ಬಹಳ ಹೊತ್ತಿನ ಮೇಲೆ “ಗರ್ಭಚೀಲ ಗಟ್ಟಿಯಾತು, ರಕ್ತ ನಿಂತೈತಿ” ಎಂದರು. ಸಂಜೆಯ ಹೊತ್ತಿಗೆ ಕಸ್ತೂರೆಮ್ಮ ಕಣ್ಣು ತೆರೆದು ನೀರು ಕೇಳಿದಳು. ಮುದುಕಮ್ಮ ಗೋಡೆಗೆ ಒರಗಿ ಕುಸಿದು ಅತ್ತಳು.

ನಾನು ಹಿಗ್ಗುತ್ತಿರುವಾಗಲೇ ಅವರು ಖಾಜಾಬೀಯ ಪಕ್ಕ ಕುಳಿತು ಕೇಳಿದರು: “ನಿನಗ ಏನು ಕಷ್ಟ ಆತವ್ವಾ?”

“ಕೈ ಸೋತ್ವು ರೀ. ಇನ್ನೊಬ್ಬಾಕಿಗೆ ಗೊತ್ತಿದ್ರ ಛಲೋ ಆಗ್ತಿತ್ತು.”

ಮರುವಾರವೇ ಅವರು ಮತ್ತೆ ಮಂಗಳೂರಿಗೆ ಹೋಗಿ, ಮನೆಮನೆಯ ಅತ್ತೆಯರನ್ನು ಕೂಡಿಸಿ ಆ ವಿದ್ಯೆ ಕಲಿಸಿದರು. ಎಲ್ಲರಿಗಿಂತ ಮುಂದೆ ಕುಳಿತವಳು ಮುದುಕಮ್ಮ.

ಇಂಥ ತಾಯಿಗೆ ದಣಿವರಿಯದ ನೂರು ವರ್ಷದ ಬಾಳು ಲಭಿಸಲಿ. ಗಂಗಾವತಿಯ ಮಗಳ ಮನೆಗೆ ಅವರು ಹೊರಟಿದ್ದಾರೆ. ಅಲ್ಲಿನ ಸೂಲಗಿತ್ತಿಯರು ಈಗಾಗಲೇ ದಾರಿ ಕಾಯುತ್ತಿದ್ದಾರೆಂದು ಕೇಳಿ, ನಮ್ಮ ಅಗಲಿಕೆಯ ದುಃಖವನ್ನು ನುಂಗಿಕೊಂಡು ಬೀಳ್ಕೊಡುತ್ತಿದ್ದೇವೆ.