ಪೆಟ್ರೋಲ್ ಪೈಪ್ ತೂತಾದ ಮಂಗಳವಾರ

ಅಕ್ಕನನ್ನು ಡಯಾಲಿಸಿಸ್‌ಗೆ ಕರೆದೊಯ್ಯಲು ಶುರುಮಾಡಿ ಆಗ ಹದಿನಾಲ್ಕು ತಿಂಗಳಾಗಿತ್ತು. ವಾರಕ್ಕೆ ಎರಡು ಸಲ, ಮಂಗಳವಾರ ಮತ್ತು ಶುಕ್ರವಾರ, ಅಫಜಲಪುರದಿಂದ ಕಲಬುರಗಿಗೆ. ಗಂಡ ತೀರಿಕೊಂಡ ಮೇಲೆ ಅಕ್ಕ ನಮ್ಮ ಮನೆಯಲ್ಲೇ ಇದ್ದಳು. ನಾನು ಹೈಸ್ಕೂಲಿನಲ್ಲಿ ಗಣಿತದ ಮಾಸ್ತರ. ಆ ಎರಡು ದಿನ ಸಂಬಳ ಕಳೆದುಕೊಂಡು ರಜೆ ಹಾಕಿ, ತಪ್ಪಿದ ಪಾಠಗಳನ್ನು ಉಳಿದ ದಿನಗಳಲ್ಲಿ ಒತ್ತಿ ಮುಗಿಸುತ್ತಿದ್ದೆ. ಹೆಂಡತಿಗೆ ಕಾರು ನಡೆಸಲು ಬರುವುದಿಲ್ಲ. ಬಸ್ಸಿನ ಕುಲುಕಾಟ ಅಕ್ಕನಿಗೆ ಆಗದು ಎಂದು ನಾನೇ ತೀರ್ಮಾನಿಸಿಬಿಟ್ಟಿದ್ದೆ. ಅಕ್ಕನನ್ನು ಕೇಳಿರಲಿಲ್ಲ.

ಕಾರು ಹಳೆಯದು, ನನಗೆ ಬರುವ ಮೊದಲೇ ಇಬ್ಬರ ಕೈ ದಾಟಿತ್ತು. ಒಳಗೆ ಪೆಟ್ರೋಲ್ ವಾಸನೆ ಬರತೊಡಗಿ ಹತ್ತು ದಿನವಾಗಿತ್ತು. ಅಕ್ಕ ಎರಡು ಸಲ ಹೇಳಿದಳು. ತೋರಿಸ್ತೇನಿ ಅಂತ ಎರಡು ಸಲವೂ ಹೇಳಿ ಮರೆತೆ. ಮರೆತೆ ಎನ್ನುವುದು ಪೂರ್ತಿ ನಿಜವಲ್ಲ. ಇನ್ನೊಂದು ಕಡೆ ಹೋಗಿ, ಇನ್ನೊಬ್ಬರೆದುರು ಕಾಯುತ್ತ ಕೂರುವ ಶಕ್ತಿ ನನ್ನಲ್ಲಿ ಉಳಿದಿರಲಿಲ್ಲ. ಗಾಜು ಇಳಿಸಿಕೊಂಡು ಓಡಿಸುತ್ತಿದ್ದೆ.

ಬೇಸಿಗೆ ರಜೆ ಬಂದಿತ್ತು. ಆ ಮಂಗಳವಾರ ಬೆಳಿಗ್ಗೆ ಒಂಬತ್ತೂವರೆಗೇ ರಸ್ತೆ ಕಾದು ಹೋಗಿತ್ತು. ಚೌಡಾಪುರ ಇನ್ನೇನು ಬಂತು ಎನ್ನುವಾಗ ಕಾರು ಎರಡು ಸಲ ಜಗ್ಗಿತು, ಮೂರನೆಯ ಸಲ ನಿಂತೇಬಿಟ್ಟಿತು. ಇಳಿದು ಬಗ್ಗಿ ನೋಡಿದೆ. ಹಿಂದಿನ ಚಕ್ರದ ಹತ್ತಿರ ಪೆಟ್ರೋಲ್ ಹನಿಹನಿಯಾಗಿ ಅಲ್ಲ, ದಾರದಂತೆ ಸುರಿಯುತ್ತಿತ್ತು.

“ಅಕ್ಕಾ, ಕೆಳಗಿಳಿ. ದೂರ ಹೋಗಿ ನಿಂದ್ರು.”

ಅಕ್ಕ ಚೀಲ ಎದೆಗೊತ್ತಿಕೊಂಡು ಇಳಿದಳು. “ನಾ ಹೇಳಿದ್ದೆ” ಎಂದು ಅನ್ನಲಿಲ್ಲ. ಅಂದಿದ್ದರೆ ಚೆನ್ನಾಗಿತ್ತು, ಜಗಳವಾಡಬಹುದಿತ್ತು.

ಸಮೀಪದ ಚಹಾದಂಗಡಿಯಿಂದ ಇಬ್ಬರು ಬಂದು ಕಾರನ್ನು ದೂಡಿಕೊಟ್ಟರು. ಅಂಗಡಿಯ ಹಿಂದೆಯೇ ಒಬ್ಬ ಮಿಸ್ತ್ರಿಯ ಮನೆ ಇದೆ ಎಂದರು. ಮನೆ ಮುಂದೆ ತಗಡಿನ ಶೆಡ್ಡು, ಅದರೊಳಗೆ ಪ್ಲಾಸ್ಟಿಕ್ ಕುರ್ಚಿಯಲ್ಲಿ ಅರವತ್ತೈದರ ಆಸುಪಾಸಿನ ಒಬ್ಬರು ಕೋಲು ಹಿಡಿದು ಕೂತಿದ್ದರು. ನಾನು ಅಫಜಲಪುರದ ಮಾಸ್ತರ ಎಂದು ಪರಿಚಯ ಹೇಳಿ, ವಿಷಯ ಹೇಳಿದೆ.

“ಕೆಲಸಾ ಬಿಟ್ಟು ಮೂರ್ ವರ್ಷಾತ್ರಿ ಮಾಸ್ತರ್. ನನ್ನ ಬೆನ್ನು ಬಾಗಂಗಿಲ್ಲ” ಎಂದರು. “ಹತ್ಯಾರ ಎಲ್ಲಾ ಇಲ್ಲೇ ಅವ. ನೀವು ಕೆಳಗ ಮಲಗ್ತೀರಿ ಅಂದ್ರ ನಾ ಹೇಳಿಕೊಡ್ತೇನಿ.”

ನಾನು ಗಡಿಯಾರ ನೋಡಿದೆ. ಆಸ್ಪತ್ರೆಯಲ್ಲಿ ಅಕ್ಕನ ಸರದಿ ಹನ್ನೊಂದೂವರೆಗೆ. ತಪ್ಪಿದರೆ ಮಷೀನು ಮತ್ತೆ ಯಾವಾಗ ಸಿಗುತ್ತದೋ ಹೇಳುವಂತಿಲ್ಲ. ಎರಡು ದಿನ ತಡವಾದರೂ ಅವಳಿಗೆ ಉಸಿರಾಡುವುದೇ ಕಷ್ಟವಾಗುತ್ತದೆ. ಬಾಗಿಲಲ್ಲಿ ನಿಂತು ನಮ್ಮ ಮಾತು ಕೇಳುತ್ತಿದ್ದ ಮಿಸ್ತ್ರಿಯ ಹೆಂಡತಿ ಅಕ್ಕನ ಕಡೆ ತಿರುಗಿದರು.

“ಅಕ್ಕಾ, ಬಸ್ಸಿಗಿ ಹೋಗಾಕ ನಡೀತದೇನ್ರಿ? ಈಗ ಒಂದ್ ಬಸ್ ಬರ್ತದ. ನಾ ಬರ್ತೇನಿ ನಿಮ್ಮ ಜೋಡಿ.”

ನಾನು ಬೇಡ ಎನ್ನುವಷ್ಟರಲ್ಲಿ ಅಕ್ಕ, “ನಡೀತದವ್ವಾ” ಎಂದುಬಿಟ್ಟಳು. ಆ ಹೆಂಗಸು ಒಳಗೆ ಹೋಗಿ ಬುರ್ಖಾ ಹಾಕಿಕೊಂಡು ಬಂದರು. ಅಕ್ಕ ಆಸ್ಪತ್ರೆಯ ಫೈಲನ್ನೂ ಆಧಾರ್ ಕಾರ್ಡನ್ನೂ ಮುಟ್ಟಿ ನೋಡಿಕೊಂಡಳು. ಬಸ್ಸು ಬಂತು. ಒಬ್ಬರ ಕೈ ಒಬ್ಬರು ಹಿಡಿದು ಹತ್ತಿದರು. ಅಕ್ಕ ಕಿಟಕಿಯಿಂದ ಹಣಕಿ ಕೂಡ ನೋಡಲಿಲ್ಲ.

ನಾನು ಅಂಗಿಯ ತೋಳು ಮಡಚಿದೆ. ಮಿಸ್ತ್ರಿ ಮೊದಲು ಬ್ಯಾಟರಿಯ ವೈರು ಬಿಚ್ಚಿಸಿದರು. ಇಂಜಿನ್ನು, ಸೈಲೆನ್ಸರ್ ತಣ್ಣಗಾಗಲಿ ಎಂದು ಕೂರಿಸಿದರು. ಜ್ಯಾಕ್ ಎತ್ತಿದ ಮೇಲೆ ಅದನ್ನಷ್ಟೇ ನಂಬಬಾರದೆಂದು ಎರಡೂ ಕಡೆ ದಪ್ಪ ಮರದ ದಿಮ್ಮಿ ಇಡಿಸಿದರು. ಬೀಡಿ ಹಚ್ಚಿಕೊಂಡು ನೋಡಲು ಬಂದವನೊಬ್ಬನನ್ನು ಕೋಲೆತ್ತಿ ಬೈದು ಓಡಿಸಿದರು. ಗೋಣಿಚೀಲ ಹಾಸಿ ನಾನು ಕೆಳಗೆ ತೂರಿದೆ.

“ಟ್ಯಾಂಕಿನಿಂದ ರಬ್ಬರ್ ಪೈಪ್ ಬರ್ತದ. ಅದರ ಮುಂದ ಕಬ್ಬಿಣದ್ದು. ಕಂಡ್ತೇನ್ರಿ?”

“ಕಂಡ್ತು ಚಾಚಾ. ಒಂದು ಕಡೆ ಕೆಂಪಗಾಗೇದ.”

“ಕ್ಲಿಪ್ ಹಿಡದಲ್ಲೇ ಜಂಗ್ ತಿಂದಿರ್ತದ. ರಬ್ಬರಿಗಿ ಅರಬಿ ಸುತ್ತಿ ಪಕ್ಕಡ್‌ಲೇ ಗಟ್ಟಿ ಹಿಡೀರಿ, ಧಾರಿ ನಿಂದರ್ತದ. ಕೆಳಗ ಡಬ್ಬಿ ಇಡ್ರಿ.”

ಬಟ್ಟೆ ಸುತ್ತಿ ಇಕ್ಕಳದಿಂದ ಹಿಡಿದು, ಅದರ ಹಿಡಿಗೆ ತಂತಿ ಬಿಗಿದ ಮೇಲೆ ಧಾರೆ ನಿಂತಿತು. ಆದರೆ ಪೈಪಿನಲ್ಲಿ ಉಳಿದದ್ದು ನನ್ನ ತೋಳಿಗುಂಟ ಇಳಿದು ಕಂಕುಳವರೆಗೆ ಹರಿದು ಉರಿಯತೊಡಗಿತು. ಕೊನೆಯ ಹನಿಗಳು ಡಬ್ಬಿಗೆ ಬೀಳುವುದನ್ನು ನೋಡುತ್ತ ಹಾಗೇ ಮಲಗಿದ್ದೆ. ಆಗಲೇ ನನಗೆ ಅದು ತಿಳಿದದ್ದು. ಬಸ್ಸು ಹೊರಟ ಕ್ಷಣದಿಂದ ನನಗೆ ಹಗುರಾಗಿತ್ತು. ಪೈಪ್ ತೂತಾದದ್ದಕ್ಕೆ ಒಳಗೊಳಗೇ ಖುಷಿಯಾಗಿತ್ತು. ಹದಿನಾಲ್ಕು ತಿಂಗಳಲ್ಲಿ ಮೊದಲ ಸಲ ಒಂದು ಮಂಗಳವಾರ ಯಾರೂ ನನ್ನನ್ನು ಕರೆಯುತ್ತಿರಲಿಲ್ಲ. ನನ್ನ ಬಗ್ಗೆ ನನಗೇ ಹೇಸಿಗೆಯಾಯಿತು. ಆದರೂ ಕಣ್ಣು ತಾವೇ ಮುಚ್ಚಿಕೊಂಡವು.

ಮಿಸ್ತ್ರಿ ಕೋಲಿನಿಂದ ನನ್ನ ಕಾಲಿಗೆ ತಟ್ಟಿದರು. “ಮಾಸ್ತರ್, ಅಲ್ಲಿ ಮಲಗಬ್ಯಾಡ್ರಿ. ಪೆಟ್ರೋಲ್ ಗಾಳಿ ತಲಿಗಿ ಏರ್ತದ. ಹೊರಗ ಬರ್ರಿ.”

ಹೊರಗೆ ಬಂದು ಗೋಡೆಗೆ ಒರಗಿ ಕೂತೆ. ನೀರು ಕೊಟ್ಟರು.

“ಚಾಚಾ, ನಮ್ಮ ಸಲುವಾಗಿ ನಿಮ್ಮ ಮನಿಯವರಿಗೆ ತ್ರಾಸಾತು.”

“ತ್ರಾಸಿಲ್ರಿ. ಮೂರ್ ವರ್ಷಾತು, ನನ್ನ ಚಪ್ಪಲಿ ಸೈತ ಆಕಿನೇ ಹಾಕ್ತಾಳ. ಎಲ್ಲಿ ಹೋಗಂದ್ರೂ ಹೋಗಾಂಗಿಲ್ಲ. ಇವತ್ತ ಹೋದ್ಳಲ್ಲ, ಹೋಗ್ಲಿ ಬಿಡ್ರಿ. ಆಕಿಗೂ ಸಾಕಾಗಿರ್ತದ.”

ನಾನು ಎದ್ದು ಶೆಡ್ಡಿನ ಗೋಡೆಗೆ ತೂಗುಹಾಕಿದ್ದ ರಬ್ಬರ್ ಪೈಪೊಂದನ್ನು ಜೋಡಿಸಲೆಂದು ತೆಗೆದುಕೊಂಡೆ.

“ಅದು ಹತ್ತಿ ಬೆಳಿಗಿ ಹುಳದ ಎಣ್ಣಿ ಹೊಡಿಯೋ ಪಂಪಿಂದ್ರಿ. ಪೆಟ್ರೋಲ್ ಬಿದ್ರ ಮೆತ್ತಗಾಗಿ ಹರೀತದ. ಅದರ ಬಾಜೂಕ ಕರೀದು ಅದ ನೋಡ್ರಿ, ಅದು ಬೇಕು.”

ಗರಗಸ ಬೇಡ, ಕಿಡಿ ಹಾರೀತು ಎಂದು ಸುತ್ತಲೂ ತಿರುಗಿಸಿ ಕೊಯ್ಯುವ ಸಣ್ಣ ಕಟರ್ ಕೊಟ್ಟರು. ತುಕ್ಕು ತಿಂದ ಭಾಗವನ್ನು ಒಂದು ಗೇಣಿನಷ್ಟು ಕತ್ತರಿಸಿ ತೆಗೆದೆ. ಆ ಜಾಗಕ್ಕೆ ಕರಿ ರಬ್ಬರ್ ಪೈಪನ್ನು ಎರಡೂ ಕಡೆ ಒತ್ತಿ ಒತ್ತಿ ಏರಿಸುವುದರಲ್ಲಿ ಹೆಬ್ಬೆರಳುಗಳ ಚರ್ಮ ಕಿತ್ತುಹೋಯಿತು. ಏರಿಸಿದ ಮೇಲೆ ನೋಡಿದರೆ, ಬಿಗಿಯುವ ಕ್ಲಿಪ್ಪುಗಳು ಗೋಣಿಚೀಲದ ಮೇಲೇ ಇದ್ದವು. ಮೊದಲೇ ಪೈಪಿಗೆ ಪೋಣಿಸಬೇಕಿತ್ತು. ನಾನು ಜೋರಾಗಿ ಬೈದುಕೊಂಡೆ.

“ಎಲ್ಲಾರೂ ಒಮ್ಮೆ ಮರೀತಾರ್ರಿ” ಎಂದರು ಮೇಲಿನಿಂದ. “ನಿಧಾನ ಬಿಚ್ಚರಿ.”

ಬಿಚ್ಚಿ, ಪೋಣಿಸಿ, ಮತ್ತೆ ಏರಿಸಿ ಬಿಗಿದು, ಇಕ್ಕಳ ತೆಗೆದು ಬ್ಯಾಟರಿಯ ವೈರು ಜೋಡಿಸಿದೆ. ಇಂಜಿನ್ ಶುರುಮಾಡಿ ಹತ್ತು ನಿಮಿಷ ಬಿಟ್ಟು, ಒಣ ಕಾಗದದಿಂದ ಎರಡೂ ಜೋಡಣೆಗಳನ್ನು ಒರೆಸಿ ಅವರ ಕೈಗೆ ಕೊಟ್ಟೆ. ಮುಟ್ಟಿ, ಮೂಸಿ, “ಸುಕ್ಕಾ ಅದ. ಹೋಗ್ರಿ” ಎಂದರು.

ಆಸ್ಪತ್ರೆ ಮುಟ್ಟಿದಾಗ ಎರಡು ಗಂಟೆ ದಾಟಿತ್ತು. ಗಾಜಿನ ಬಾಗಿಲ ಆಚೆ ಅಕ್ಕ ಮಂಚದ ಮೇಲಿದ್ದಳು. ಪಕ್ಕದಲ್ಲಿ ಸ್ಟೂಲಿನ ಮೇಲೆ ಆ ಹೆಂಗಸು. ಇಬ್ಬರೂ ನಗುತ್ತಿದ್ದರು. ನನ್ನ ಕಾರಿನಲ್ಲಿ ಅಕ್ಕ ನಕ್ಕದ್ದು ನನಗೆ ನೆನಪಿಲ್ಲ. ನಾವು ಮಾತಾಡುತ್ತಿದ್ದದ್ದು ಗುಳಿಗೆ, ಟೈಮು, ಇವೆರಡೇ.

“ನಿಮ್ಮಕ್ಕ ಭಾಳ ಮಾತಾಡ್ತಾರ್ರಿ” ಎಂದರು ಆಕೆ ಹೊರಬಂದು. “ಬಸ್ಸಿನಾಗ ಬಾಯಿನೇ ಮುಚ್ಚಲಿಲ್ಲ.”

ಬರುವಾಗ ಇಬ್ಬರೂ ಹಿಂದಿನ ಸೀಟಿನಲ್ಲಿ ಒಬ್ಬರಿಗೊಬ್ಬರು ಒರಗಿ ನಿದ್ದೆ ಹೋದರು. ಚೌಡಾಪುರದಲ್ಲಿ ಆಕೆಯನ್ನು ಇಳಿಸಿದೆವು. ಅಲ್ಲಿಂದ ಅಫಜಲಪುರದವರೆಗೆ ಅಕ್ಕ ಎಚ್ಚರವಾಗೇ ಇದ್ದಳು.

“ತಮ್ಮಾ, ಇನ್ನ ಶುಕ್ರವಾರ ನಾನೂ ನಿನ್ನ ಹೇಣ್ತೀನೂ ಬಸ್ಸಿಗೆ ಹೋಗ್ತೇವಿ. ನೀ ಮಂಗಳವಾರ ಅಷ್ಟೇ ಬಾ.”

“ಬಸ್ಸು ನಿನಗ ಆಗಂಗಿಲ್ಲ.”

“ಯಾರು ಹೇಳ್ಯಾರ? ನಾ ಹೇಳೇನೇನು?” ಮುಂದಿನ ಸೀಟಿಗೆ ಕೈಯೂರಿ ಬಾಗಿ, “ನೀ ಭಾಳ ದಣದೀದಿ. ನಂಗ ಕಣ್ಣ ಕಾಣ್ತಾವಪ್ಪ” ಎಂದಳು.

ನಾನು ವಾದ ಮಾಡಲಿಲ್ಲ. ಮಾಡಬೇಕಿತ್ತು ಎಂದು ಆ ವಾರವೆಲ್ಲ ಅನ್ನಿಸಿತು. ಶುಕ್ರವಾರ ಬೆಳಿಗ್ಗೆ ಇಬ್ಬರನ್ನೂ ಬಸ್ ನಿಲ್ದಾಣಕ್ಕೆ ಬಿಟ್ಟು, ಸೀಟು ಸಿಕ್ಕಿದ್ದನ್ನು ನೋಡಿ ಮನೆಗೆ ಬಂದೆ. ಶಾಲೆಯಿಲ್ಲ, ಮಾಡಲು ಬೇರೆ ಕೆಲಸವೂ ಇಲ್ಲ. ಹಾಸಿಗೆಯ ಮೇಲೆ ಸುಮ್ಮನೆ ಅಡ್ಡಾದೆ. ಎಚ್ಚರವಾದಾಗ ಮಧ್ಯಾಹ್ನ ಮೂರು ಗಂಟೆ. ಕಾಲಲ್ಲಿ ಚಪ್ಪಲಿ ಹಾಗೇ ಇದ್ದವು.