ಬೆಲ್ಲಿಗೆ ಮುಂಚೆ ಹಾಕಿದ ಸಹಿ

ನನ್ನ ತಂಗಿಯನ್ನು ಗಾರ್ಮೆಂಟ್ಸಿನಲ್ಲಿ ಎಲ್ಲರೂ ಗುಂಡಿಯಕ್ಕ ಅನ್ನುತ್ತಿದ್ದರು. ಹತ್ತೊಂಬತ್ತು ವರ್ಷ ಅಂಗಿಗೆ ಗುಂಡಿ ಹಾಕುವ ಮೆಷಿನ್ನಿನ ಮುಂದೆ ಕೂತವಳು. ಅದೇ ಸಾಲಿನ ಕೊನೆಯಲ್ಲಿ ನಾನು ದಾರದ ತುದಿ ಕತ್ತರಿಸುತ್ತಿದ್ದೆ. ನನ್ನ ಗಂಡ ಹೋದಮೇಲೆ ಇಬ್ಬರೂ ಒಂದೇ ಕೋಣೆಯಲ್ಲಿದ್ದೆವು.

ಬಟ್ಟೆಯ ಧೂಳು ಅವಳ ಎದೆಗೆ ಇಳಿಯಿತು. ನಾಲ್ಕು ಮೆಟ್ಟಿಲು ಹತ್ತಿದರೆ ಏದುಸಿರು. ಆ ಕೆಲಸ ಬಿಡಲೇಬೇಕು ಅಂತ ಡಾಕ್ಟರು ಖಡಾಖಂಡಿತವಾಗಿ ಹೇಳಿಬಿಟ್ಟರು. ಹೇಗೋ ಒಂದು ಶಾಲೆಯಲ್ಲಿ ಆಯಾ ಕೆಲಸ ಸಿಕ್ಕಿತು. ಶಾಲೆ ತೆರೆಯುವ ದಿನವೇ ಸೇರಬೇಕು, ಹಳೇ ಕೆಲಸದಿಂದ ಬಿಟ್ಟುಕೊಟ್ಟಿದ್ದಾರೆ ಅನ್ನುವ ರಿಲೀವಿಂಗ್ ಲೆಟರೂ ತರಬೇಕು ಅಂದರು. ಮೂವತ್ತೈದು ದಿನ ಇತ್ತು. ನಮ್ಮಲ್ಲಿ ಒಂದು ತಿಂಗಳ ನೋಟಿಸು ಕೊಟ್ಟರೆ ಸಾಕು ಅಂತ ತಂಗಿ ರಾಜೀನಾಮೆ ಬರೆದುಕೊಟ್ಟಳು.

ಮ್ಯಾನೇಜರು ಹಾಳೆಯೊಂದನ್ನು ಮುಂದೆ ತಳ್ಳಿದ. "ಈಗ ಮೂರು ತಿಂಗಳು ಕಣಮ್ಮ. ನೀನೇ ಒಪ್ಪಿ ಸಹಿ ಹಾಕಿದ್ದೀಯಲ್ಲ."

ಜೊತೆಗೆ ಹೋಗಿದ್ದ ನನಗೆ ಆ ಹಾಳೆ ನೋಡಿದ ಕೂಡಲೇ ಗುರುತು ಸಿಕ್ಕಿತು. ನಮ್ಮಲ್ಲಿ ಬೆಳಗ್ಗೆ ಗೇಟಿನಲ್ಲೇ ಹಾಜರಿ ಹಾಳೆಗೆ ಸಹಿ. ಬೆಲ್ ಹೊಡೆದಮೇಲೆ ಹಾಕಿದರೆ ಅರ್ಧ ದಿನದ ಸಂಬಳ ಹೋಯಿತು. ಮೇಲೇನು ಬರೆದಿದೆ ಅಂತ ಯಾರೂ ನೋಡರು, ಗೀಚಿ ಓಡುವುದೇ. ಎರಡು ತಿಂಗಳ ಹಿಂದೆ ಒಂದು ದಿನ ಹಾಜರಿ ಹಾಳೆಯ ಜೊತೆ ಇನ್ನೊಂದನ್ನೂ ಇಟ್ಟಿದ್ದರು. ತಂಗಿ ಬೆರಳಿಟ್ಟು ಅಕ್ಷರ ಕೂಡಿಸಿ ಓದತೊಡಗಿದಳು. ಹಿಂದೆ ನಿಂತಿದ್ದ ನಾನೇ ಭುಜ ತಿವಿದು, "ಜಡ್ಜ್ ಸಾಹೇಬರೇ, ತೀರ್ಪು ಆಮೇಲೆ ಓದಿ, ಬೆಲ್ ಆಗುತ್ತೆ" ಅಂದೆ. ಸಾಲಿಗೆ ಸಾಲೇ ನಕ್ಕಿತು. ಅವಳೂ ನಕ್ಕು ಸಹಿ ಹಾಕಿದಳು.

ಕಾರ್ಮಿಕ ಇಲಾಖೆಗೆ ಓಡಿದೆವು. ಅಲ್ಲಿನ ಅಧಿಕಾರಿ ಹೆಂಗಸು ಒಳ್ಳೆಯವಳೇ. ನಿಮ್ಮನ್ನು ಕೇಳದೆ ಬದಲಾಯಿಸಿದ್ದರೆ ಹಿಡಿದು ಕೇಳಬಹುದಿತ್ತು, ಇಲ್ಲಿ ಸಹಿ ಇದೆಯಲ್ಲಮ್ಮ ಅಂದಳು. ತಿಳಿಸದೆ ಹಾಕಿಸಿಕೊಂಡರು ಅಂತ ದೂರು ಕೊಡಬಹುದು, ಆದರೆ ವಿಚಾರಣೆಗೆ ನಾಲ್ಕು ತಿಂಗಳಾದರೂ ಬೇಕಂತೆ.

"ಅಷ್ಟರಲ್ಲಿ ನನ್ನ ಮೂರೂ ಮುಗಿದಿರುತ್ತೆ" ಅಂದಳು ತಂಗಿ.

ಆದರೂ ದೂರು ಬರೆಸಿದೆವು. ಮ್ಯಾನೇಜರ ಕಾಲಿಗೆ ಬೀಳುವುದೊಂದು ಬಾಕಿಯಿತ್ತು, ಅವಳಿಗೆ ಗೊತ್ತಾಗದ ಹಾಗೆ ಅದನ್ನೂ ಮಾಡಿದೆ. ಆರ್ಡರ್ ಮುಗಿಯುವ ತನಕ ಯಾರನ್ನೂ ಬಿಡಲ್ಲ ಅಂದ.

ಶಾಲೆ ತೆರೆದ ದಿನ ತಂಗಿ ಮೂಗಿಗೆ ಬಟ್ಟೆ ಕಟ್ಟಿಕೊಂಡು ಅದೇ ಮೆಷಿನ್ನಿನ ಮುಂದಿದ್ದಳು. ಆಯಾ ಕೆಲಸ ಇನ್ಯಾರದೋ ಪಾಲಾಯಿತು. ನನ್ನನ್ನು ಬೈಯಲಿ ಅಂತ ದಿನಾ ಕಾದೆ. ಒಂದು ಮಾತೂ ಬೈಯಲಿಲ್ಲ.

ತೊಂಬತ್ತನೆಯ ದಿನ ಲೆಟರ್ ಕೊಟ್ಟರು. ಪಡೆದದ್ದಕ್ಕೆ ಸಹಿ ಹಾಕು ಅಂತ ಒಂದು ಹಾಳೆ ಚಾಚಿದರು. ತಂಗಿ ಸ್ಟೂಲ್ ಎಳೆದು ಕೂತು, ಏದುಸಿರಿನಲ್ಲೇ ಬೆರಳಿಟ್ಟು ಓದತೊಡಗಿದಳು. ಅಷ್ಟರಲ್ಲಿ ಬೆಲ್ ಹೊಡೆಯಿತು. ಬೇಗ ಬೇಗ ಅಂತ ಮ್ಯಾನೇಜರು ಪೆನ್ನು ಕುಟ್ಟಿದ.

"ಇರಿ ಸ್ವಾಮಿ" ಅಂದೆ ನಾನು. "ಅವಳು ಓದಲಿ."